ಹೆಸರು ಮೇಯ್ದ ಹಸು

ಆ ಊರಿನಲ್ಲಿ ಮನುಷ್ಯರಿಗೆ ಹುಲ್ಲುಗಾವಲಿನಲ್ಲಿ ಬೆಳೆಯುವ ಗಿಡದ ಹೆಸರನ್ನಲ್ಲದೆ ಬೇರೆ ಹೆಸರು ಇಡುವಂತಿರಲಿಲ್ಲ. ಗಿಡವೆಂದರೆ ಹುಲ್ಲೂ ಸೇರಿತು, ಬಳ್ಳಿಯೂ ಸೇರಿತು, ನೆಲಕ್ಕೆ ಅಂಟಿಕೊಂಡು ಬೆಳೆಯುವ, ಬಗ್ಗಿ ನೋಡದೆ ಕಾಣದ ಪುಟ್ಟ ಸೊಪ್ಪೂ ಸೇರಿತು. ಊರು ಹುಲ್ಲುಗಾವಲಿನ ಅಂಚಿನಲ್ಲಿತ್ತು. ಹುಲ್ಲುಗಾವಲನ್ನು ದಾಟಿ ಆಚೆ ಯಾರೂ ಹೋಗಿರಲಿಲ್ಲ. ಹೋಗುವ ಅಗತ್ಯವೂ ಬಿದ್ದಿರಲಿಲ್ಲ, ಯಾಕೆಂದರೆ ಎಲ್ಲರ ಹೆಸರೂ ಈಚೆಯೇ ಇತ್ತು.

ಹೆಸರಿಡುವ ಕ್ರಮ ಹೀಗೆ. ತಾಯಿ ಮಗುವನ್ನು ಎತ್ತಿಕೊಂಡು ಬರಿಗಾಲಿನಲ್ಲಿ ಹುಲ್ಲುಗಾವಲಿಗೆ ಹೋಗಬೇಕು. ತನಗೆ ಬೇಕಾದ ಗಿಡದ ಮುಂದೆ ಮಂಡಿಯೂರಬೇಕು. ಗಿಡವನ್ನು ಕೀಳಬಾರದು, ಮುರಿಯಬಾರದು. ಬೇರೂರಿ ನಿಂತ ಎಲೆಗೆ ಮಗುವಿನ ಕಿವಿ ತಾಗಿಸಿ ಆ ಹೆಸರನ್ನು ಕರೆಯಬೇಕು. ಅಷ್ಟೇ. ಆದರೆ ಮಗು ಮೊದಲ ಹೆಜ್ಜೆ ಇಡುವುದರೊಳಗೆ ಇದು ಮುಗಿಯಬೇಕು. ಹೆಸರಿಲ್ಲದ ಕಾಲು ನೆಲದ ಮೇಲೆ ಒಂದೇ ಒಂದು ಹೆಜ್ಜೆ ನಡೆದರೂ ನೆಲ ಆ ಕಾಲನ್ನು ಕೊನೆಯವರೆಗೂ ಗುರುತು ಹಿಡಿಯುವುದಿಲ್ಲ ಎಂದು ಊರು ನಂಬಿತ್ತು. ಅಂಥವರಿಗೆ ಆಮೇಲೆ ಯಾವ ಹೆಸರೂ ಅಂಟುತ್ತಿರಲಿಲ್ಲ. ಅವರನ್ನು "ಏ" ಎಂದು ಕರೆಯುತ್ತಿದ್ದರು. "ಏ" ಎಂದೇ ಮಣ್ಣು ಮಾಡುತ್ತಿದ್ದರು.

ಇಟ್ಟ ಹೆಸರಾದರೂ ಉಳಿಯುತ್ತದೆಂಬ ಖಾತರಿ ಇರಲಿಲ್ಲ. ವರ್ಷಕ್ಕೊಮ್ಮೆ, ಮಳೆ ನಿಂತು ಬಿಸಿಲು ಹದಕ್ಕೆ ಬಂದಾಗ, ನೋಟದ ದಿನ ಬರುತ್ತಿತ್ತು. ಅಂದು ಪ್ರತಿಯೊಬ್ಬರೂ ಹುಲ್ಲುಗಾವಲಿಗೆ ಹೋಗಿ ತಮ್ಮ ಗಿಡವನ್ನು ಹುಡುಕಿ ಅದರ ಮುಂದೆ ನಿಲ್ಲಬೇಕು. ಹೋದ ವರ್ಷ ಕಂಡ ಅದೇ ಗಿಡ ಆಗಬೇಕೆಂದಿಲ್ಲ, ಅದೇ ಜಾತಿಯದು ಒಂದು ಸಿಕ್ಕಿದರೆ ಸಾಕು. ಸಿಕ್ಕಿದರೆ ಇನ್ನೊಂದು ವರ್ಷಕ್ಕೆ ಹೆಸರು ನಿಮ್ಮದು. ಸಿಗದಿದ್ದರೆ ಹೆಸರು ಬಿತ್ತು. ಅಂದು ಸಂಜೆಯಿಂದ ಹೆಂಡತಿಯೂ ಗಂಡನನ್ನು ಆ ಹೆಸರಿನಿಂದ ಕರೆಯುವಂತಿಲ್ಲ. ಮಾಡುವ ಕೆಲಸದಿಂದ ಕರೆಯಬೇಕು. ಕಂಬಳಿ ನೇಯುವವಳು, ಕೀಲಿಯವನು, ಬೆರಣಿಯವಳು, ಹೀಗೆ. ಈ ಕಥೆಯಲ್ಲಿ ಬರುವವರಿಗೆ ಹೆಚ್ಚಾಗಿ ಹೆಸರಿಲ್ಲದಿರುವುದು ಅದರಿಂದಲೇ.

ಮೊದಲೆಲ್ಲ ಹೀಗಿರಲಿಲ್ಲ. ಮೊದಲು ಹುಲ್ಲುಗಾವಲಿನಲ್ಲಿ ಎಷ್ಟು ಬಗೆಯ ಗಿಡಗಳಿದ್ದವೆಂದರೆ ಒಂದೇ ಹೆಸರಿನ ಇಬ್ಬರು ಊರಲ್ಲಿ ಇರುತ್ತಿರಲಿಲ್ಲ. ಆಮೇಲೆ ಊರಿನ ದನಗಳು ಹೆಚ್ಚಿದವು. ಅವುಗಳನ್ನು ಬೆಳಿಗ್ಗೆ ಬಿಟ್ಟು ಸಂಜೆ ಹೊಡೆದುಕೊಂಡು ಬರುವ ತೊಂದರೆ ಯಾಕೆಂದು ಎಲ್ಲರೂ ಅಲ್ಲೇ ಬಿಟ್ಟುಬಿಟ್ಟರು. ದನಗಳು ಮಳೆಗಾಲವೆನ್ನದೆ ಬೇಸಿಗೆಯೆನ್ನದೆ ಮೇಯ್ದವು. ಮೆತ್ತಗಿನ ಗಿಡಗಳು ಹೋದವು, ಸಿಹಿ ಗಿಡಗಳು ಹೋದವು, ಹೂ ಬಿಟ್ಟು ಬೀಜ ಉದುರಿಸಲು ಪುರಸೊತ್ತು ಸಿಗದ ಗಿಡಗಳೆಲ್ಲ ಹೋದವು. ಉಳಿದದ್ದು ದನ ಮೂಸಿ ನೋಡಿ ಬಿಡುವಂಥವು: ಎಕ್ಕ, ಉಮ್ಮತ್ತಿ, ಪಾಪಸುಕಳ್ಳಿ. ಆ ವರ್ಷಗಳಲ್ಲಿ ಹುಟ್ಟಿದವರಿಗೆಲ್ಲ ಅವೇ ಹೆಸರು. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಹೆಸರು ಪಾಪಸುಕಳ್ಳಿ ಎಂದು ಹೇಳಿ ಗಂಡಿನ ಕಡೆಯವರ ಮುಖ ನೋಡಬೇಕಾದ ಕಷ್ಟ ಎಷ್ಟೋ ತಂದೆಯರಿಗೆ ಬಂತು.

ಆಗ ಮುಂದೆ ಬಂದವನು ಕರಡಜ್ಜ. ಕರಡವೆಂದರೆ ಮನುಷ್ಯನ ಎದೆಯೆತ್ತರ ಬೆಳೆಯುವ ಹುಲ್ಲು, ಮನೆಗೆ ಹೊದಿಸುವುದು. ಅವನ ಹೆಸರಿನ ಹುಲ್ಲು ಆಗ ಎಲ್ಲೋ ಒಂದು ಕಲ್ಲಿನ ಸಂದಿಯಲ್ಲಿ ಒಂದೇ ಹಿಡಿ ಉಳಿದಿತ್ತು. "ದನ ನಮ್ಮ ಹೆಸರುಗಳನ್ನು ತಿನ್ನುತ್ತಾ ಇದಾವೆ. ಬಾಯಿ ಹೊರಗಿಟ್ಟರೆ ಹೆಸರು ಒಳಗೆ ಉಳೀತದೆ," ಎಂದ. ಎಲ್ಲರಿಗೂ ಸರಿಯೆನಿಸಿತು. ಹುಲ್ಲುಗಾವಲಿನ ಸುತ್ತ ಮುಳ್ಳುಬೇಲಿ ಎದ್ದಿತು. ಒಂದು ಬಾಗಿಲು, ಬಾಗಿಲಿಗೆ ಬೀಗ, ಬೀಗಕ್ಕೊಬ್ಬ ಕೀಲಿಯವನು. ಬಾಗಿಲು ತೆರೆಯುತ್ತಿದ್ದದ್ದು ನೋಟದ ದಿನ ಮಾತ್ರ. ದನಗಳು ಕೊಟ್ಟಿಗೆ ಸೇರಿ ಒಣ ದಂಟು ಅಗಿದವು. ಪ್ರತಿ ನೋಟದ ದಿನ ಊರಿನವರೆಲ್ಲ ಒಂದೊಂದು ಮುಳ್ಳಿನ ಕೊಂಬೆ ತಂದು ಬೇಲಿಗೆ ಸಿಕ್ಕಿಸಿ ಹೇಳುತ್ತಿದ್ದರು: "ನನ್ನ ಹೆಸರು ಒಳಗಿರಲಿ. ಬಾಯಿ ಹೊರಗಿರಲಿ."

ಮೊದಲ ವರ್ಷ ಬಿದ್ದ ಹೆಸರುಗಳು ಎದ್ದು ಬಂದವು. ಹೆಂಗಸರು ತಮ್ಮ ಗಿಡದ ಮುಂದೆ ಕೂತು ಅತ್ತರು. ಎರಡನೆಯ ವರ್ಷವೂ ಬಂದವು. ಆಮೇಲೆ ಕರಡ ಎದ್ದಿತು. ಎದೆಯೆತ್ತರ ಬೆಳೆಯಿತು, ಒಣಗಿತು, ಬಾಗಿತು, ಚಾಪೆಯಂತೆ ನೆಲದ ಮೇಲೆ ಮಲಗಿತು. ಅದನ್ನು ತುಳಿಯುವವರಿಲ್ಲ, ಮೇಯುವವರಿಲ್ಲ. ಅದರ ಮೇಲೆ ಇನ್ನೊಂದು ವರ್ಷದ ಕರಡ ಎದ್ದಿತು, ಅದೂ ಮಲಗಿತು. ಕೆಳಗೆ ಬಿಸಿಲು ಇಳಿಯಲಿಲ್ಲ. ಗಾಳಿ ಬೀಸಿದಾಗ ಇಡೀ ಹುಲ್ಲುಗಾವಲು ಸರಸರ ಸರಸರ ಎನ್ನುತ್ತಿತ್ತು, ಯಾರೋ ಮರೆತ ಹೆಸರನ್ನು ನಾಲಿಗೆಯ ತುದಿಗೆ ತಂದುಕೊಳ್ಳಲು ಒದ್ದಾಡುವ ಹಾಗೆ. ಊರಿನವರಿಗೆ ಆ ಸದ್ದಿನಿಂದ ನಿದ್ದೆ ಹತ್ತುತ್ತಿರಲಿಲ್ಲ. ಹೆಸರುಗಳು ಮತ್ತೆ ಬಿದ್ದವು, ಈ ಸಲ ಇನ್ನೂ ಬೇಗ. ಎಕ್ಕ, ಉಮ್ಮತ್ತಿಗಳೂ ಬಿದ್ದವು.

"ಎಲ್ಲೋ ಒಂದು ಬಾಯಿ ಇನ್ನೂ ಒಳಗೆ ಹೋಗ್ತಾ ಇದೆ," ಎಂದ ಕರಡಜ್ಜ. ಬೇಲಿಯನ್ನು ಇನ್ನೂ ಎತ್ತರಿಸಿದರು. ಅವನು ಸುಳ್ಳುಗಾರನಲ್ಲ. ನೋಟದ ದಿನ ಬಾಗಿಲು ತೆರೆದ ಕೂಡಲೇ ಎದುರಿಗೇ ಅವನ ಹೆಸರು ಅಲೆಯಲೆಯಾಗಿ ನಿಂತಿರುತ್ತಿತ್ತು. ಬೇಲಿ ಎದ್ದ ಮೇಲೆ ಒಂದು ದಿನವಾದರೂ ಬಗ್ಗಿ ಹುಡುಕಬೇಕಾಗಿ ಬರದವನಿಗೆ ನೆಲದಲ್ಲಿ ಏನಿಲ್ಲವೆಂದು ಹೇಗೆ ಗೊತ್ತಾಗಬೇಕು? ಹೊಸದಾಗಿ ಹುಟ್ಟಿದ ಮಕ್ಕಳಿಗೆಲ್ಲ ಅದೇ ಹೆಸರು ಇಟ್ಟರು, ಬೇರೆ ಇರಲಿಲ್ಲ. ಬೀದಿಯಲ್ಲಿ ನಿಂತು "ಕರಡಾ" ಎಂದು ಕೂಗಿದರೆ ಆಡುತ್ತಿದ್ದ ಮಕ್ಕಳೆಲ್ಲ ತಿರುಗುತ್ತಿದ್ದರು. ತನ್ನನ್ನು ಕರೆದದ್ದಲ್ಲ ಎಂದುಕೊಂಡು ಎಲ್ಲರೂ ಮತ್ತೆ ಆಟಕ್ಕೆ ಮರಳುತ್ತಿದ್ದರು.

ಬೆರಣಿಯವಳಿಗೆ ಒಂದು ಹೆಣ್ಣು ಮಗುವಿತ್ತು. ಬೆರಣಿ ತಟ್ಟಿ ಮಾರುವುದು ಅವಳ ಕೆಲಸ. ಅವಳ ಸ್ವಂತ ಹೆಸರು ಬಿದ್ದು ಬಹಳ ಕಾಲವಾಗಿತ್ತು, ಅದಕ್ಕವಳು ಚಿಂತೆ ಮಾಡುವುದನ್ನು ಬಿಟ್ಟಿದ್ದಳು. ಅವಳ ಚಿಂತೆ ಮಗುವಿನದು. ಮಗುವಿಗೆ ತನ್ನ ತಾಯಿಯ ಹೆಸರು ಇಡಬೇಕೆಂದಿದ್ದಳು: ಇರುವೆಗೊಡೆ. ಅದು ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಗಿಡ. ಎಲೆ ಎಷ್ಟು ಚಿಕ್ಕದೆಂದರೆ ಮಳೆ ಬಂದಾಗ ಅದರಡಿ ಇರುವೆಯೊಂದು ನಿಲ್ಲಬಹುದು, ಹೆಸರು ಬಂದದ್ದು ಅದರಿಂದ. ಅವಳು ಚಿಕ್ಕವಳಿದ್ದಾಗ ಅಪ್ಪ ಹಿತ್ತಲಲ್ಲಿ ನಿಂತು "ಇರುವೆಗೊಡೇ" ಎಂದು ಕೂಗುತ್ತಿದ್ದ. ಎಷ್ಟೋ ದೂರದಿಂದ ಒಂದೇ ಒಂದು ದನಿ "ಓ" ಎನ್ನುತ್ತಿತ್ತು. ಕರೆದರೆ ಒಬ್ಬಳೇ ತಿರುಗುವ ಹೆಸರು. ಅವಳಿಗೆ ಬೇಕಾಗಿದ್ದದ್ದು ಅದು.

ಆದರೆ ಮಗು ಆಗಲೇ ಎದ್ದು ನಿಲ್ಲಲು ಕಲಿತಿತ್ತು. ಬಾಗಿಲ ಚೌಕಟ್ಟು ಹಿಡಿದು ಏಳುತ್ತಿತ್ತು, ತಾಯಿ ಬಂದು ಕೂರಿಸುತ್ತಿದ್ದಳು. ಬುಟ್ಟಿ ಹಿಡಿದು ಏಳುತ್ತಿತ್ತು, ಕೂರಿಸುತ್ತಿದ್ದಳು. ಸೆಗಣಿಯ ಕೈಯಲ್ಲೇ ಓಡಿಬಂದು ಕೂರಿಸುತ್ತಿದ್ದಳು. ಮಗು ಅಳುತ್ತಿತ್ತು, ಮತ್ತೆ ಏಳುತ್ತಿತ್ತು.

ಆ ವರ್ಷದ ನೋಟದ ದಿನ ಅವಳು ಮಗುವನ್ನು ಕಂಕುಳಲ್ಲಿ ಒತ್ತಿ ಹಿಡಿದು ಬೆಳಿಗ್ಗೆಯಿಂದ ಹುಡುಕಿದಳು. ಕರಡವನ್ನು ಕೈಯಿಂದ ಸೀಳಿ ನೋಡಿದಳು. ಕೆಳಗೆ ಬರೀ ಕೊಳೆತ ಹುಲ್ಲಿನ ಹಾಸು. ಬಾಗಿಲು ಮುಚ್ಚುವ ಹೊತ್ತಾಯಿತು.

"ಹುಡುಕಿ ಹುಡುಕಿ ನಿನ್ನ ಕಣ್ಣೂ ಬಿದ್ದು ಹೋದಾವು ಕಣೆ," ಎಂದಳು ಕಂಬಳಿ ನೇಯುವವಳು. ಅವಳು ಪಕ್ಕದ ಮನೆಯವಳು, ನಾಲಿಗೆ ಚೂಪು. "ನಮ್ಮ ಮೂರಕ್ಕೂ ಕರಡ ಅಂತಲೇ ಇಟ್ಟಿಲ್ವಾ? ಒಬ್ಬನಿಗೆ ಬೈದರೆ ಮೂವರಿಗೂ ತಗಲ್ತದೆ. ಎಷ್ಟು ಅನುಕೂಲ!"

"ನಿನಗೆ ಬೈಯೋದಕ್ಕೆ ಬೇಕು ಹೆಸರು. ನನಗೆ ಕರೆಯೋದಕ್ಕೆ ಬೇಕು," ಎಂದಳು ಬೆರಣಿಯವಳು.

ಕರಡಜ್ಜ ಹತ್ತಿರ ಬಂದ. "ನನ್ನ ಹೆಸರು ಇಡು ತಾಯಿ. ಇಲ್ಲೇ ಇದೆ, ಕೈ ಚಾಚಿದರೆ ಸಿಗ್ತದೆ. ಕೂಸು ಇವತ್ತೋ ನಾಳೆಯೋ ಹೆಜ್ಜೆ ಇಡೋ ಹಂಗಿದೆ. ಹಟ ಮಾಡಿ ಅದನ್ನ 'ಏ' ಮಾಡಬೇಡ."

ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು. ಅದರಿಂದಲೇ ಅವಳಿಗೆ ಇನ್ನಷ್ಟು ಭಯವಾಯಿತು. "ಇನ್ನೊಂದು ಸ್ವಲ್ಪ ನೋಡ್ತೀನಿ ಅಜ್ಜ," ಎಂದಳು. ಬಾಗಿಲು ಮುಚ್ಚಿತು.

ಮರುದಿನ ಕೀಲಿಯವನು ಬೇಲಿ ಸುತ್ತುವಾಗ ಆಚೆ ಮೂಲೆಯಲ್ಲಿ ಒಂದು ಕಿಂಡಿ ಕಂಡ. ಕಿಂಡಿಯ ಮುಳ್ಳಿಗೆ ಕಂದು ಕೂದಲು ಸಿಕ್ಕಿಕೊಂಡಿತ್ತು. ಕೂದಲನ್ನು ಹಿಡಿದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋದ. ಕೊನೆಗೆ ಅದು ಹೊಂದಿಕೆಯಾದದ್ದು ಬೆರಣಿಯವಳ ಹಸುವಿಗೆ. ಅದು ಕೊರಳ ಹಗ್ಗದ ಕಣ್ಣಿ ಬಿಚ್ಚಿಕೊಂಡು ನಸುಕಿನಲ್ಲಿ ಹೋಗಿ ಬೆಳಕು ಹರಿಯುವುದರೊಳಗೆ ಬಂದು, ಏನೂ ತಿಳಿಯದ ಹಾಗೆ ಗೂಟದ ಬಳಿ ನಿಂತಿರುತ್ತಿತ್ತು. ಕದ್ದು ಮೇಯುವ ತುಡುಗು ಹಸು. ಬಾಲದಲ್ಲಿ ಅಂಟುಬೀಜಗಳಿದ್ದವು, ಬಾಯಲ್ಲಿ ಹಸಿರು ವಾಸನೆಯಿತ್ತು.

ಊರು ಸೇರಿತು. "ಸಿಕ್ಕಿತಲ್ಲ ಬಾಯಿ!" ಎಂದ ಕರಡಜ್ಜ. ಇಷ್ಟು ವರ್ಷ ಹೇಳಿದ್ದು ನಿಜವಾಯಿತೆಂದು ಅವನ ಕಣ್ಣು ಒದ್ದೆಯಾಯಿತು.

"ನಿನ್ನ ಅವ್ವನ ಹೆಸರನ್ನ ನಿನ್ನ ಹಸುವೇ ತಿಂದಿದೆಯಲ್ಲೇ!" ಎಂದಳು ಕಂಬಳಿ ನೇಯುವವಳು. "ಹಾಲು ಕರೆದು ಕುಡಿದವಳು ನೀನು. ನಮ್ಮ ಹೆಸರೆಲ್ಲ ನಿನ್ನ ಹೊಟ್ಟೆಯಲ್ಲೇ ಇರಬೇಕು, ತೆಗಿ!"

ಯಾರೋ ನಕ್ಕರು. ಬೆರಣಿಯವಳಿಗೂ ಅದು ನಿಜವೆನಿಸಿತು. ಅವಳು ಹಸುವಿಗೆ ಎರಡೂ ಕೈಯಿಂದ ಹೊಡೆದಳು. ಬಾಯಿಕುಕ್ಕೆ ಹಾಕಬೇಕೆಂದು ತೀರ್ಮಾನವಾಯಿತು. ಒಕ್ಕಣೆಯ ಹೊತ್ತಿಗೆ ಎತ್ತು ಕಾಳು ತಿನ್ನದಿರಲೆಂದು ಮೂತಿಗೆ ಕಟ್ಟುವ ಹಗ್ಗದ ಬುಟ್ಟಿ ಅದು. ಈ ಹಸುವಿಗೆ ಮಾತ್ರ ಜೀವ ಇರುವವರೆಗೆ. ನೀರಿಗೆ ಮತ್ತು ದಂಟಿಗೆ ಮಾತ್ರ ಬಿಚ್ಚಬೇಕು. ಬೆರಣಿಯವಳು ತನ್ನ ಕೈಯಾರೆ ಕಟ್ಟಿದಳು. ಅಂದಿನಿಂದ ಹಸು ದಂಟನ್ನು ಮೂಸಿ ನೋಡಲೂ ಇಲ್ಲ. ಪಕ್ಕೆಲುಬು ಎದ್ದು ಕಂಡವು. ಅವಳು ಹಸುವಿನ ಕಡೆ ನೋಡದೆ ಓಡಾಡಿದಳು. ಮಗು ಹಸುವಿನ ಕಾಲನ್ನು ಹಿಡಿದು ಎದ್ದು ನಿಲ್ಲುತ್ತಿತ್ತು, ಅವಳು ಹೋಗಿ ಕೂರಿಸುತ್ತಿದ್ದಳು.

ಒಂದು ಬೆಳಿಗ್ಗೆ ಬೆರಣಿ ತಟ್ಟಲು ಹಿತ್ತಲ ಗೋಡೆಯ ಬುಡದಿಂದ ಸೆಗಣಿ ಬಾಚುತ್ತಿದ್ದಳು. ಹಸು ಸಿಕ್ಕಿಬೀಳುವ ಮೊದಲಿನದು, ಒಂದು ತುಂತುರು ಮಳೆಯಲ್ಲಿ ನೆನೆದು ಹಾಗೇ ಉಳಿದಿತ್ತು. ಅದರ ಮೇಲೆ ಏನೋ ಹಸಿರು ಚುಕ್ಕೆ. ಬಗ್ಗಿ ನೋಡಿದಳು. ಎರಡು ಎಲೆ. ಇರುವೆಯೊಂದು ಅಡಿಯಲ್ಲಿ ನಿಲ್ಲುವಷ್ಟು.

ಅವಳು ಮಗುವನ್ನೂ ಸೆಗಣಿಯನ್ನೂ ಎತ್ತಿಕೊಂಡು ಕರಡಜ್ಜನ ಮನೆಗೆ ಓಡಿದಳು.

ಅಜ್ಜ ಬಹಳ ಹೊತ್ತು ನೋಡಿದ. "ಹೌದು, ಅದೇ. ನೋಡಿದೆಯಾ? ತಿಂದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

"ಅಜ್ಜ, ತಿನ್ನಬೇಕಾದರೆ ಅದು ಅಲ್ಲಿ ಇರಬೇಕಲ್ಲ?"

"ಇತ್ತು. ತಿಂತು. ಮುಗೀತು."

"ನಾವು ಬೆಳಿಗ್ಗೆಯಿಂದ ಸಂಜೆ ತನಕ ಹುಡುಕಿದೆವು, ಸಿಗಲಿಲ್ಲ. ಇದಕ್ಕೆ ಎಲ್ಲಿ ಸಿಕ್ತು?"

ಇಂಥ ಪ್ರಶ್ನೆಯನ್ನು ಬೇಲಿ ಹಾಕಿದ ಮೇಲೆ ಯಾರೂ ಕೇಳಿರಲಿಲ್ಲ. "ಸೆಗಣಿಯ ಮೇಲಿನ ಗಿಡಕ್ಕೆ ಕಿವಿ ತಾಗಿಸೋ ಹಂಗಿಲ್ಲ ತಾಯಿ," ಎಂದ ಅಜ್ಜ. "ಹುಲ್ಲುಗಾವಲಿನಲ್ಲೇ ಬೇರು ಇರಬೇಕು. ಬಾಗಿಲು ಇನ್ನು ಮುಂದಿನ ವರ್ಷಕ್ಕೇ."

ಮುಂದಿನ ವರ್ಷಕ್ಕೆ ಮಗು ಓಡುತ್ತಿರುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

ಅವಳು ಮನೆಗೆ ಬಂದು ಹಸುವಿನ ಬಾಯಿಕುಕ್ಕೆ ಬಿಚ್ಚಿದಳು. ಕಣ್ಣಿಯ ತುದಿಯನ್ನು ಕೈಗೆ ಸುತ್ತಿಕೊಂಡಳು, ಮಗುವನ್ನು ಕಂಕುಳಿಗೆ ಏರಿಸಿಕೊಂಡಳು. "ನಡಿ," ಎಂದಳು ಹಸುವಿಗೆ. "ಎಲ್ಲಿ ತಿಂದೆಯೋ ಅಲ್ಲಿಗೆ ನಡಿ."

ಹಸು ನಡೆಯಿತು. ಕೀಲಿಯವನು ಮುಚ್ಚಿಸಿದ್ದ ಕಿಂಡಿಯ ಕಡೆ ತಿರುಗಿಯೂ ನೋಡಲಿಲ್ಲ. ತುಡುಗು ಹಸು ಒಂದೇ ಕಿಂಡಿಯನ್ನು ನಂಬಿಕೊಂಡಿರುವುದಿಲ್ಲ. ಬೇಲಿಯ ಇನ್ನೊಂದು ಬದಿಯಲ್ಲಿ ತಲೆ ತಗ್ಗಿಸಿ ನುಗ್ಗಿತು. ಹಿಂದಿನಿಂದ ಕಂಬಳಿ ನೇಯುವವಳ ಕೂಗು ಕೇಳಿಸಿತು: "ಅಯ್ಯೋ, ಬಾಯಿ ಬಿಚ್ಚಿ ಒಳಗೆ ಬಿಟ್ಟಳು! ಕೀಲಿಯವನೇ, ಅಜ್ಜಾ, ಓಡಿಬನ್ನಿ!"

ಒಳಗೆ ಕರಡ ಎರಡೂ ಕಡೆಯಿಂದ ಮುಖಕ್ಕೆ ಬಡಿಯಿತು. ಸರಸರ, ಸರಸರ. ಮಗು ಕಂಕುಳಲ್ಲಿ ಒದೆಯಿತು, ಜಾರಿತು, ಅವಳು ಮತ್ತೆ ಎತ್ತಿಕೊಂಡಳು. ಹಸು ನಿಲ್ಲದೆ ಎಳೆಯಿತು. ಬಿಸಿಲು ಕಾಣುತ್ತಿರಲಿಲ್ಲ. ಹಾಗೆ ಎಳೆದು ಎಳೆದು ಒಮ್ಮೆಲೇ ಬೆಳಕಿಗೆ ತಂದಿತು.

ಅದು ಒಂದು ದಾರಿ. ಬಾಗಿಲಿನಿಂದ ಇಷ್ಟು ದೂರ ಕರಡ ಸೀಳಿಕೊಂಡು ಯಾರೂ ಬಂದಿರಲಿಲ್ಲ. ಹಸುವೊಂದು ನಡೆಯುವಷ್ಟು ಅಗಲ, ಅಲ್ಲಲ್ಲಿ ಅದು ನಿಂತು ಮೇಯ್ದಷ್ಟು ಅಗಲ. ಕರಡ ಅಲ್ಲಿ ತುಂಡಾಗಿತ್ತು, ಒಣಹುಲ್ಲು ಗೊರಸಿನಡಿ ಪುಡಿಯಾಗಿ ಮಣ್ಣು ಸೇರಿತ್ತು. ಕದ್ದು ಬರುವ ಹಸುವಿಗೆ ಒಂದೇ ಕಡೆ ನಿಂತು ಹೊಟ್ಟೆ ತುಂಬಿಸಿಕೊಳ್ಳುವ ಧೈರ್ಯವಿರಲಿಲ್ಲ. ಒಂದು ಬಾಯಿ ಇಲ್ಲಿ, ಒಂದು ಬಾಯಿ ಅಲ್ಲಿ, ಬೆಳಕಾಗುವುದರೊಳಗೆ ಮನೆಗೆ. ಅದು ಬಿಟ್ಟು ಹೋದ ಜಾಗದಲ್ಲೆಲ್ಲ ಬಿಸಿಲು ನೆಲಕ್ಕೆ ಇಳಿದಿತ್ತು. ಬಿದ್ದ ಹೆಸರುಗಳೆಲ್ಲ ಆ ನೆಲದಲ್ಲಿ ಇದ್ದವು.

ಬೆರಣಿಯವಳು ನಡೆಯುತ್ತ ಅವುಗಳನ್ನು ಕರೆದಳು. ತುಂಬೆ, ಎಂದಳು. ಅದು ಬಾವಿಯ ಹತ್ತಿರದ ಮನೆಯ ಮುದುಕಿ. ನೆಲನೆಲ್ಲಿ. ಅದು ಮಡಕೆ ಮಾಡುವವನು. ಜೇಕು, ಒಂದೆಲಗ, ಜೇನುಗರಿಕೆ. ಜೇನುಗರಿಕೆ ಅವಳದೇ ಹೆಸರು. ಆದರೆ ನಿಲ್ಲಲಿಲ್ಲ. ಗೊರಸಿನ ಒಂದು ಗುರುತಿನ ಒಳಗೆ, ನಿಂತ ನೀರಿನ ಅಂಚಿನಲ್ಲಿ, ಇರುವೆಗೊಡೆ ಇತ್ತು. ಒಂದೇ ಒಂದು.

ಅವಳು ಮಂಡಿಯೂರುವುದರೊಳಗೆ ಹಿಂದೆ ಕರಡ ಸೀಳಿಕೊಂಡು ಕೀಲಿಯವನೂ ಕರಡಜ್ಜನೂ ಬಂದರು. "ಹಿಡಿ ಹಸುವನ್ನ!" ಎಂದು ಅಜ್ಜ ಕೂಗಿದ. ಹಸು ಬೆದರಿ ಮುಂದಕ್ಕೆ ಜಿಗಿಯಿತು. ಕಣ್ಣಿ ಅವಳ ಕೈಯನ್ನು ಸೆಳೆಯಿತು, ಮಗು ಕಂಕುಳಿಂದ ಜಾರಿ ನೆಲಕ್ಕೆ ಇಳಿಯಿತು. ಇಳಿದದ್ದೇ ಎದ್ದು ನಿಂತಿತು. ಯಾವುದನ್ನೂ ಹಿಡಿಯದೆ ನಿಂತಿತು. ಒಂದು ಕಾಲು ಮೇಲೆತ್ತಿತು.

ಅದೇ ಗಳಿಗೆಯಲ್ಲಿ ಹಸು ತಲೆ ತಗ್ಗಿಸಿ ಇರುವೆಗೊಡೆಗೆ ಬಾಯಿ ಹಾಕಿತು.

ಅವಳಿಗೆ ಇದ್ದದ್ದು ಒಂದು ಗಳಿಗೆ. ಕಣ್ಣಿ ಜಗ್ಗಿದರೆ ಗಿಡ ಉಳಿಯುತ್ತದೆ, ಮಗು ಹೆಜ್ಜೆ ಇಡುತ್ತದೆ. ಮಗುವನ್ನು ಹಿಡಿದರೆ ಹೆಸರು ಹೋಗುತ್ತದೆ. ಅವಳು ಕಣ್ಣಿಯನ್ನು ಬಿಟ್ಟಳು. ಎರಡೂ ಕೈಯಿಂದ ಮಗುವನ್ನು ಬಾಚಿಕೊಂಡಳು, ಎತ್ತಿದ ಕಾಲು ನೆಲ ಮುಟ್ಟುವ ಮೊದಲು.

ಹಸು ಕಚ್ಚಿತು. ಅಗಿದು, ಮುಂದೆ ಹೋಯಿತು.

ಬೇರು ಉಳಿದಿತ್ತು. ಬೇರಿನ ಮೇಲೆ ಒಂದು ಮೋಟು, ಮೋಟಿನ ಪಕ್ಕದಲ್ಲಿ ಅರ್ಧ ಎಲೆ.

"ಆಯ್ತಲ್ಲ, ಕಣ್ಣಾರೆ ನೋಡಿದೆಯಲ್ಲ," ಎಂದ ಕರಡಜ್ಜ, ಏದುಸಿರು ಬಿಡುತ್ತ. "ಅರ್ಧ ತಿಂದ ಗಿಡದಿಂದ ಹೆಸರು ಬರೋದಿಲ್ಲ ತಾಯಿ. ಬಾ, ಕರಡಕ್ಕೆ ತಾಗಿಸು. ಹೊತ್ತಿದ್ದಾಗಲೇ ತಾಗಿಸು."

"ಬೇರಿದೆ ಅಜ್ಜ."

"ಎಲೆ?"

"ಕಿವಿಯೂ ಚಿಕ್ಕದು," ಎಂದು ಅವಳು ಮಂಡಿಯೂರಿದಳು.

ಆಗ ಕೀಲಿಯವನು "ಅವ್ವಾ" ಎಂದು ಕಿರುಚಿದ. ಇಬ್ಬರೂ ತಿರುಗಿದರು. ಅವನು ಒಂದು ಕಾಲು ಎತ್ತಿಕೊಂಡು ಕುಂಟುತ್ತಿದ್ದ. ದಾರಿಯ ಬರಿನೆಲದಲ್ಲಿ ಏನೋ ಚುಚ್ಚಿತ್ತು. ನೆಲದ ಮೇಲೆ ಕೂತು ಅಂಗಾಲಿನಿಂದ ಮುಳ್ಳು ಕಿತ್ತು ಬೆಳಕಿಗೆ ಹಿಡಿದ. ನೆಗ್ಗಿಲು ಮುಳ್ಳು.

"ನಾನು," ಎಂದ. "ಅಜ್ಜ, ಇದು ನಾನು! ನೆಗ್ಗಿಲು! ನಾನೇ ನನ್ನ ಕಾಲಿಗೆ ಚುಚ್ಚಿದೆ!" ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. ಇಷ್ಟು ವರ್ಷ ಹೆಸರುಗಳನ್ನು ಕಾಯಲು ಬೀಗ ಹಾಕುತ್ತಿದ್ದ ಕೈಯಲ್ಲಿ ಆ ಮುಳ್ಳನ್ನು ಹಿಡಿದುಕೊಂಡು ಕೂತುಬಿಟ್ಟ.

ಆ ಗದ್ದಲದಲ್ಲಿ ಬೆರಣಿಯವಳು ಮಗುವಿನ ಕಿವಿಯನ್ನು ಅರ್ಧ ಎಲೆಗೆ ತಾಗಿಸಿ "ಇರುವೆಗೊಡೆ" ಎಂದು ಕರೆದದ್ದು ಯಾರಿಗೂ ಕೇಳಿಸಲಿಲ್ಲ. ಮಗುವಿಗೆ ಕೇಳಿಸಿತು. ಕಚಗುಳಿಯಾದಂತೆ ಕತ್ತು ಕುಗ್ಗಿಸಿತು. ಅವಳು ಮಗುವನ್ನು ನೆಲದ ಮೇಲೆ ನಿಲ್ಲಿಸಿ ಕೈ ಬಿಟ್ಟಳು. ಅಷ್ಟು ದಿನ ಹಿಡಿದು ಹಿಡಿದು ಬೆರಳುಗಳು ಸೆಟೆದು ಹೋಗಿದ್ದವು, ಬಿಚ್ಚಲು ಹೊತ್ತು ಹಿಡಿಯಿತು. ಮಗು ಹಸುವಿನ ದಾರಿಯಲ್ಲಿ ನಡೆಯಿತು. ಬಿದ್ದಿತು, ಎದ್ದಿತು, ನಡೆಯಿತು.

"ಇದು ನಿಲ್ಲೋ ಹೆಸರಲ್ಲ," ಎಂದ ಕರಡಜ್ಜ. ಆದರೆ ಅವನ ದನಿ ಮೊದಲಿನಂತಿರಲಿಲ್ಲ. ಬೇಲಿ ಎದ್ದ ಮೇಲೆ ಅವನು ಮೊದಲ ಸಲ ಬಗ್ಗಿ ನೆಲ ನೋಡುತ್ತಿದ್ದ. "ಇದೆಲ್ಲ ಇಲ್ಲೇ ಇತ್ತಾ?" ಎಂದು ಯಾರನ್ನೂ ಕೇಳದ ಹಾಗೆ ಕೇಳಿದ.

"ಮುಂದಿನ ಸಲ ನೋಡೋಣ ಅಜ್ಜ," ಎಂದಳು ಅವಳು.

ಕೀಲಿಯವನು, ಅಂದರೆ ನೆಗ್ಗಿಲು, ಅಂದು ಸಂಜೆ ಬಾಗಿಲು ತೆಗೆದ. ಮರುದಿನ ದನಗಳು ಒಳಗೆ ಹೋದವು. ಆದರೆ ಎಷ್ಟು ಹೊತ್ತು ಬಿಡಬೇಕು? ಯಾರಿಗೂ ಗೊತ್ತಿರಲಿಲ್ಲ. ಹಸುವಿಗೂ ಗೊತ್ತಿರಲಿಲ್ಲ, ಅದು ಭಯದಿಂದ ಬೇಗ ಬರುತ್ತಿತ್ತೇ ಹೊರತು ಲೆಕ್ಕ ಹಾಕಿ ಅಲ್ಲ. ಒಂದು ವಾರ ಹೆಚ್ಚಾಯಿತು, ತುಂಬೆ ಕಾಣೆಯಾಯಿತು. ಕಡಿಮೆ ಮಾಡಿದರು, ಕರಡ ಎದ್ದಿತು. ಹೂ ಬಿಡುವ ಕಾಲಕ್ಕೆ ಹೊರಗಿಟ್ಟರು, ಬೀಜ ಉದುರಿದ ಮೇಲೆ ಒಳಗೆ ಬಿಟ್ಟರು, ಮೇಲಿನ ದಿಬ್ಬದಿಂದ ಕೆಳಗಿನ ತಗ್ಗಿಗೆ ಹೊಡೆದರು. ತಮ್ಮ ಗಿಡದ ಕಡೆ ದನ ಹೋದರೆ ಬೈದರು, ಹೋಗದಿದ್ದರೂ ಬೈದರು. ಬಾಗಿಲಿಗೆ ಬೀಗವಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಹುಡುಕಿ ಅತ್ತರೆ ಸಾಕಿತ್ತು. ಈಗ ದಿನವೂ ಬಗ್ಗಿ ನೋಡಬೇಕು. ಆ ಊರಿಗೆ ಅಂದಿನಿಂದ ನೆಮ್ಮದಿ ಎಂಬುದಿಲ್ಲ.

ಮುಂದಿನ ನೋಟದ ದಿನ ಕರಡಜ್ಜ ಎಲ್ಲರಿಗಿಂತ ಮೊದಲು ಬಂದಿದ್ದ. ದನ ಮೇಯ್ದ ಹುಲ್ಲುಗಾವಲಿನಲ್ಲಿ ಅವನ ಹೆಸರು ಎದುರಿಗೇ ನಿಂತಿರಲಿಲ್ಲ. ಅವನು ಬೆನ್ನು ಬಗ್ಗಿಸಿ, ಕೈಯಿಂದ ಗಿಡಗಳನ್ನು ಸರಿಸುತ್ತ ಹೋದ. ಕೊನೆಗೆ ಇಳಿಜಾರಿನಲ್ಲಿ ಮೊಣಕಾಲೆತ್ತರದ ಕರಡದ ಒಂದು ಬುಡ ಸಿಕ್ಕಿದಾಗ ಅಲ್ಲೇ ಕೂತು, ಹೆಂಗಸರು ಅಳುವ ಹಾಗೆ ಅತ್ತ.

ಗೊರಸಿನ ಗುರುತಿನಲ್ಲಿ ಕಚ್ಚಿಸಿಕೊಂಡ ಆ ಮೋಟು ಎರಡಾಗಿ ಒಡೆದಿತ್ತು. ಎರಡಕ್ಕೂ ಎಲೆಗಳಿದ್ದವು. ಬೆರಣಿಯವಳು, ಈಗ ಜೇನುಗರಿಕೆ, ಅದರ ಮುಂದೆ ನಿಂತು ತಲೆಯೆತ್ತಿ ನೋಡಿದಳು. ಮಗು ಪಕ್ಕದಲ್ಲಿರಲಿಲ್ಲ. ದೂರದಲ್ಲಿ ದನಗಳ ನಡುವೆ, ಊರಿನ ಮಕ್ಕಳೆಲ್ಲ ಗುಂಪಾಗಿ ಓಡುತ್ತಿದ್ದರು, ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ಅವಳು ಕೈಗಳನ್ನು ಬಾಯಿಗೆ ಹಿಡಿದು ಕೂಗಿದಳು: "ಇರುವೆಗೊಡೇ!"

ಒಬ್ಬಳೇ ತಿರುಗಿದಳು.